ತೊಳೆಯದ ಕೈ

ಸೆತೂಬಲ್ಲಿನ ಆಸ್ಪತ್ರೆಯಲ್ಲಿ ಗಾಯ ಕಟ್ಟುವವಳು ನಾನು,
ಎರ್ಮೀನಿಯಾ. ಮೂವತ್ತೊಂದನೆಯ ಇಸವಿ, ಮಾರ್ಚಿ.
ನಸುಕಿಗೆ ದೋಣಿ ಬಂದರೆ ಕಾರ್ಖಾನೆಯ ಸೈರನ್ನು,
ಏಪ್ರನ್ ಕಟ್ಟಿಕೊಳ್ಳುತ್ತಲೇ ಓಡುವ ಹೆಂಗಸರ ಸದ್ದು,
ಆಮೇಲೆ ದಿನವಿಡೀ ಕಿಟಕಿಯಲ್ಲಿ ಬೂತಾಯಿಯ ವಾಸನೆ.

ಆರನೆಯ ಮಂಚದಲ್ಲಿ ಬಲ್ತಜಾರ್,
ಮೀನಿನ ಡಬ್ಬಿಗೆ ಬೆಸುಗೆ ಹಾಕುವವನು.
ದವಡೆಯ ಕೆಳಗೆ ಗಡ್ಡೆ.
ಎರಡು ಸಲ ಕೊಯ್ದರು, ಎರಡು ಸಲವೂ ಬಂತು,
ಸಾಲ ಕೇಳುವ ನೆಂಟನ ಹಾಗೆ, ಬಾಗಿಲು ತಟ್ಟದೆ.
ಮೂರನೆಯ ಸಲ ಡಾಕ್ಟರ್ ಕಿಂತೆಲಾ ಚಾಕು ಎತ್ತಲಿಲ್ಲ,
ಕನ್ನಡಕ ಒರೆಸಿಕೊಂಡರು.
ಒರೆಸಿದರೆ ಏನರ್ಥವೆಂದು ವಾರ್ಡಿಗೆಲ್ಲ ಗೊತ್ತು.

ಶನಿವಾರ. ಹನ್ನೊಂದನೆಯ ಮಂಚದ ಮುದುಕನ ಕಾಲಿಗೆ ಕೆಂಪು ಏರಿತ್ತು.
ಅಜ್ಜಿಯರ ಬಾಯಲ್ಲಿ ಅದು ಝಿಪೆಲಾ,
ಆಲಿವ್ ಎಣ್ಣೆಯಲ್ಲಿ ಅದ್ದಿದ ಉಣ್ಣೆಯಿಂದ ಮಂತ್ರಿಸುತ್ತಾರೆ.
ನಾನು ಪಟ್ಟಿ ಬಿಚ್ಚಿದೆ. ಹೂಜಿಯಲ್ಲಿ ನೀರಿರಲಿಲ್ಲ.
ತಂಗಿಯ ಮಗುವಿಗೆ ಮೈ ಸರಿಯಿರಲಿಲ್ಲ, ಬೇಗ ಹೋಗಬೇಕಿತ್ತು...
ಇದೆಲ್ಲ ನೆಪ. ನಿಜ ಇಷ್ಟೇ:
ಸುಸ್ತಾಗಿತ್ತು. ಕೈ ತೊಳೆಯಲಿಲ್ಲ.
ಅದೇ ಕೈ ಬಲ್ತಜಾರನ ದವಡೆಗೆ.

ಮಂಗಳವಾರ ಅವನ ಮುಖ ಉರಿಯಿತು.
ಡಾಕ್ಟರು ಬೆಳಿಗ್ಗೆ ಶಾಯಿಯಲ್ಲಿ ಎಳೆದ ಗಡಿಯನ್ನು
ಸಂಜೆಯೊಳಗೆ ದಾಟಿ,
ಕಿವಿ ನುಂಗಿ, ಕಣ್ಣು ಮುಚ್ಚಿಸಿ, ಕೆಂಪು ನೆತ್ತಿಗೆ ಹತ್ತಿತು.
ಪಾದರಸ ನಲವತ್ತೊಂದು.
ಸನ್ನಿಯಲ್ಲಿ ಡಬ್ಬಿ ಎಣಿಸಿದ: ನಾನೂರ ಹತ್ತು, ನಾನೂರ ಹನ್ನೊಂದು,
ಮುಚ್ಚಳ ಕೂರುತ್ತಿಲ್ಲ, ಮುಚ್ಚಳ ಕೂರುತ್ತಿಲ್ಲ.
ಪಾದ್ರಿ ಬಂದು ಎಣ್ಣೆ ಹಚ್ಚಿ ಹೋದರು.
ಸಿಸ್ಟರ್ ಪೆರ್ಪೆತುವಾ ನನ್ನನ್ನು ಬಟ್ಟೆಯ ಕೋಣೆಗೆ ಕರೆದು
ಕೈಗಳನ್ನು ತಿರುಗಿಸಿ ನೋಡಿದಳು, ಮುಂಗೈ, ಅಂಗೈ.
‘ಯಾವುದು?’ ಅಂದಳು.
ಬಲಗೈ ಚಾಚಿದೆ.
ಎರಡು ವಾರದ ಸಂಬಳ ಹೋಯಿತು.

ಹತ್ತನೆಯ ದಿನ ಬೆವರಿದ, ಹಾಸಿಗೆ ಹಿಂಡುವಷ್ಟು.
ಸೂಪು ಕೇಳಿದ.
ಪಟ್ಟಿ ಬಿಚ್ಚಿದರೆ ಗಡ್ಡೆ ಮೆತ್ತಗೆ.
ಬಿಸಿಲಿಗಿಟ್ಟ ಬೆಣ್ಣೆ ಅನ್ನಲೇ? ಅಲ್ಲ.
ಬಾಡಿಗೆ ಕೊಡದೆ ರಾತ್ರೋರಾತ್ರಿ
ಒಳಗಿನವರು ಖಾಲಿ ಮಾಡಿದ ಮನೆ.
ಜೂನ್ ಹಬ್ಬದ ಹೊತ್ತಿಗೆ ಬೆರಳಿಗೆ ಏನೂ ಸಿಗಲಿಲ್ಲ.
ಡಾಕ್ಟರು ಮೂರು ಸಲ ಒತ್ತಿ ನೋಡಿದರು,
ಲೆಡ್ಜರಿನಲ್ಲಿ ಒಂದು ಸಾಲು ಬರೆದರು, ಹೊಡೆದುಹಾಕಿದರು,
ಮತ್ತೆ ಅದನ್ನೇ ಬರೆದರು.

ಹೆಂಡತಿ ಮೇರಿಯಮ್ಮನ ಕಾಲಡಿ ಡಜನ್ ಡಬ್ಬಿ ಇಟ್ಟಳು.
ನನಗೆ ಒಂದೂ ಇಲ್ಲ.
ತಪ್ಪಿಗೆ ಯಾರು ಹರಕೆ ತೀರಿಸುತ್ತಾರೆ?

ಕಥೆ ಇಲ್ಲಿಗೇ ನಿಂತಿದ್ದರೆ ಹೇಳುತ್ತಿರಲಿಲ್ಲ.

ನನ್ನನ್ನು ಹೆಂಗಸರ ವಾರ್ಡಿಗೆ ಹಾಕಿದರು.
ಅಕ್ಟೋಬರಿನಲ್ಲಿ ಎವುಲಾಲಿಯಾ ಬಂದಳು,
ಉಪ್ಪಿನಾಗರದ ಕೂಲಿಯ ಮಗಳು, ಹತ್ತೊಂಬತ್ತು.
ತೊಡೆಯಲ್ಲಿ ಅಂಥದ್ದೇ ಗಡ್ಡೆ.
ಅದೇ ಕನ್ನಡಕ, ಒರೆಸುವ ಅದೇ ಬಟ್ಟೆ.
ಆ ವಾರ ಎರಡನೆಯ ಮಂಚದ ಅಜ್ಜಿಯ ಕಾಲಿಗೂ ಕೆಂಪು.
ರಾತ್ರಿ ಪಾಳಿ. ಅಜ್ಜಿಯ ಪಟ್ಟಿ ನನ್ನ ಬಲಗೈಯಲ್ಲಿ,
ಒದ್ದೆ, ಬೆಚ್ಚಗೆ.
ಐದು ಹೆಜ್ಜೆಯಾಚೆ ಹುಡುಗಿಯ ಉಸಿರು.

ಒಬ್ಬನಿಗೆ ಆದದ್ದು. ಎಷ್ಟು ಜನಕ್ಕೆ ಆಗದೆ ಹೋದದ್ದು?
ಝಿಪೆಲಾದಲ್ಲಿ ಸತ್ತವರ ಲೆಕ್ಕ ನನಗೆ ಗೊತ್ತು,
ಹೆಣ ತೊಳೆದವಳು ನಾನೇ.
ಮುಳ್ಳಿಂದ ಮುಳ್ಳು ತೆಗೆಯುವವರು
ಮುಳ್ಳಿನ ಉದ್ದವನ್ನಾದರೂ ನೋಡಿಕೊಂಡಿರುತ್ತಾರೆ.
ನನ್ನದೋ ಕುರುಡು ಕೈ.
ಅವಳು ಕಣ್ಣು ಬಿಟ್ಟಳು. ‘ಏನದು, ಎರ್ಮೀನಿಯಾ?’
‘ಏನಿಲ್ಲ, ಮಲಗು.’

ತೊಳೆದೆ.
ಕಾರ್ಬಾಲಿಕ್ಕಿನಲ್ಲಿ, ಉಗುರಿನ ಸಂದು ಬಿಡದೆ,
ಚರ್ಮ ಬಿರಿಯುವ ತನಕ.
ಕ್ರಿಸ್‌ಮಸ್ಸಿಗೆ ಮೂರು ದಿನ ಇರುವಾಗ ಹೋದಳು,
ಜ್ವರವಿಲ್ಲದೆ, ಸ್ವಚ್ಛವಾಗಿ,
ಇಸ್ತ್ರಿ ಮಾಡಿದ ಹಾಸಿನ ಮೇಲೆ.

ಬಲ್ತಜಾರ್ ಈಗಲೂ ಮೀನು ಮಾರ್ಕೆಟ್ಟಿನಲ್ಲಿ ಸಿಗುತ್ತಾನೆ.
ಗಾಯದ ಗುರುತು ಕಾಣದಂತೆ ಗಡ್ಡ ಬಿಟ್ಟಿದ್ದಾನೆ.
ಟೋಪಿ ಎತ್ತುತ್ತಾನೆ, ಕೈ ಕುಲುಕಲು ಚಾಚುತ್ತಾನೆ.
ನಾನು ಎಡಗೈ ಕೊಡುತ್ತೇನೆ.
ಅವನು ನಗುತ್ತಾನೆ,
ಬಲಗೈಯಲ್ಲಿ ಬುಟ್ಟಿ ಇದೆಯಲ್ಲ, ಅದಕ್ಕೇ ಅಂದುಕೊಂಡು.